ಕೊಳದ ಆಮೆಗಳಲ್ಲಿ ಎರಡು ಕುಟುಂಬ ಯಾಕೆ, ಯಾವುದು ಎಲ್ಲಿ ಸಿಗುತ್ತೆ?

ಹಳೇ ಪುಸ್ತಕದಲ್ಲಿ ಕೆರೆ ಕೊಳದ ಆಮೆಗಳೆಲ್ಲಾ ಎಮಿಡಿಡೇ ಕುಟುಂಬ ಅಂತಿದೆ, ಹೊಸದರಲ್ಲಿ ಏಷ್ಯಾದ ಆಮೆಗಳನ್ನ ಜಿಯೋಎಮಿಡಿಡೇ ಅಂತ ಬೇರೆ ಇಟ್ಟಿದಾರೆ, ನೋಡೋಕೆ ಎಲ್ಲಾ ಒಂದೇ ಥರ ಇರುವಾಗ ಯಾವುದು ಸರಿ ಅಂತ ಕೇಳಿದೀರ. ಹೊಸದೇ ಸರಿ. ಆದ್ರೆ ಹಳೇ ಪುಸ್ತಕದೋರು ಯಾಕೆ ಹಾಗೆ ಬರೆದ್ರು ಅನ್ನೋದಕ್ಕೂ ಕಾರಣ ಇದೆ, ನನಗೆ ತುಂಬಾ ಇಷ್ಟದ ವಿಷಯ ಆದ್ದರಿಂದ ಸ್ವಲ್ಪ ಉದ್ದ ಆಗುತ್ತೆ.

ಹಿಂದೆಲ್ಲಾ ಹೊರಗಿನ ಆಕಾರ ನೋಡಿ ಗುಂಪು ಮಾಡ್ತಿದ್ರು. ಗಟ್ಟಿ ಚಿಪ್ಪು, ಸ್ವಲ್ಪ ಚಪ್ಪಟೆ ಮೈ, ಬೆರಳ ಮಧ್ಯೆ ಜಾಲ, ಬಿಸಿಲು ಕಾಯೋಕೆ ಮರದ ದಿಮ್ಮಿ ಮೇಲೆ ಹತ್ತೋ ಅಭ್ಯಾಸ, ಇಷ್ಟಿದ್ರೆ ಒಂದೇ ಕುಟುಂಬ. ಕ್ಲೆಮಿಸ್ ಅಂತ ಒಂದು ಕುಲ (ಕುಟುಂಬದೊಳಗಿನ ಚಿಕ್ಕ ಗುಂಪು) ಇತ್ತು, ಅದರಲ್ಲಿ ಅಮೆರಿಕದ ಚುಕ್ಕೆ ಆಮೆನೂ ಇತ್ತು, ಮೆಡಿಟರೇನಿಯನ್ ಸುತ್ತಮುತ್ತಲಿನ ಆಮೆಗಳೂ ಇದ್ವು, ಜಪಾನಿನ ಆಮೆನೂ ಇತ್ತು! 1964ರಲ್ಲಿ ಸ್ಯಾಮ್ಯುಯೆಲ್ ಮೆಕ್‌ಡೊವೆಲ್ ಅನ್ನೋ ವಿಜ್ಞಾನಿ ಇವುಗಳ ತಲೆಬುರುಡೆ ಮತ್ತು ಕೆಳದವಡೆಯ ಮೂಳೆಗಳನ್ನ ಕೂಲಂಕಷವಾಗಿ ನೋಡಿ, ಇಲ್ಲಿ ಎರಡು ಬೇರೆ ಬೇರೆ ವಂಶ ಇದೆ ಅಂತ ತೋರಿಸಿದ್ರು. ಹಳೇ ಜಗತ್ತಿನ, ಅಂದ್ರೆ ಏಷ್ಯಾ, ಯೂರೋಪ್, ಆಫ್ರಿಕಾದ ಆಮೆಗಳು ಕ್ಲೆಮಿಸ್‌ನಿಂದ ಮೌರೆಮಿಸ್ ಅನ್ನೋ ಕುಲಕ್ಕೆ ಹೋದ್ವು. ಈಗ ಕ್ಲೆಮಿಸ್‌ನಲ್ಲಿ ಉಳಿದಿರೋದು ಆ ಅಮೆರಿಕದ ಚುಕ್ಕೆ ಆಮೆ ಒಂದೇ.

ಮೆಕ್‌ಡೊವೆಲ್ ಈ ಎರಡು ವಂಶಗಳನ್ನ ಉಪಕುಟುಂಬ ಅಂತ ಇಟ್ಟಿದ್ರು, 1980ರ ದಶಕದಲ್ಲಿ ಏಷ್ಯಾದ ಗುಂಪು ಪೂರ್ತಿ ಬೇರೆ ಕುಟುಂಬ ಆಯ್ತು, ಆಗ ಅದಕ್ಕೆ ಬಟಾಗುರಿಡೇ ಅಂತಿದ್ರು, ಹಾಗಾಗಿ ಆ ಕಾಲದ ಪುಸ್ತಕ ಸಿಕ್ಕಿದ್ರೆ ಈ ಮೂರನೇ ಹೆಸರು ನೋಡಿ ಗಾಬರಿ ಆಗ್ಬೇಡಿ. ಜಿಯೋಎಮಿಡಿಡೇ ಅನ್ನೋ ಹೆಸರನ್ನ ಥಿಯೋಬಾಲ್ಡ್ ಅನ್ನೋ ವಿಜ್ಞಾನಿ 1868ರಲ್ಲೇ ಕೊಟ್ಟಿದ್ದು, ಮೊದಲು ಕೊಟ್ಟ ಹೆಸರಿಗೇ ಮಾನ್ಯತೆ ಅನ್ನೋ ನಿಯಮದ ಪ್ರಕಾರ ಅದೇ ನಿಂತಿದೆ.

ಆಮೇಲೆ ಡಿಎನ್‌ಎ ಬಂತು, ಚಿತ್ರ ಇನ್ನೂ ಸ್ಪಷ್ಟ ಆಯ್ತು. ಏಷ್ಯಾದ ಕೊಳದ ಆಮೆಗಳಿಗೆ ಹತ್ತಿರದ ಸಂಬಂಧಿಗಳು ಅಮೆರಿಕದ ಕೊಳದ ಆಮೆಗಳಲ್ಲ, ನೆಲದ ಮೇಲೆ ಓಡಾಡೋ ನಕ್ಷತ್ರ ಆಮೆ ಥರದವು. ಅತ್ತ ಅಮೆರಿಕದ ಎಮಿಡಿಡೇಗೆ ಹತ್ತಿರದ ಸಂಬಂಧಿ ಸಿಕ್ಕಿದ್ದು ಆಗ್ನೇಯ ಏಷ್ಯಾದ ಬೆಟ್ಟದ ತೊರೆಗಳಲ್ಲಿರೋ ದೊಡ್ಡತಲೆ ಆಮೆ, ಚಿಪ್ಪಿನೊಳಗೆ ತಲೆ ಎಳ್ಕೊಳ್ಳೋಕೇ ಆಗದಷ್ಟು ದೊಡ್ಡ ತಲೆ ಅದಕ್ಕೆ. ಹಾಗಾದ್ರೆ ಒಂದೇ ಥರ ಕಾಣೋದು ಯಾಕೆ ಅಂದ್ರೆ ಒಂದೇ ರೀತಿಯ ಜಾಗದಲ್ಲಿ ಒಂದೇ ರೀತಿಯ ಬದುಕು ಬದುಕಿದ್ದಕ್ಕೆ. ಇದಕ್ಕೆ ಬಾಕ್ಸ್ ಆಮೆಗಳಿಗಿಂತ ಒಳ್ಳೇ ಉದಾಹರಣೆ ಇಲ್ಲ. ಅಮೆರಿಕದ ಟೆರ್ರಾಪೀನ್, ಏಷ್ಯಾದ ಕ್ಯೂಒರಾ, ಎರಡಕ್ಕೂ ಹೊಟ್ಟೆ ಕಡೆ ಚಿಪ್ಪಿನಲ್ಲಿ ಬಾಗಿಲಿನ ಕೀಲಿನ ಥರ ಮಡಚೋ ಜಾಗ ಇದೆ, ಎರಡೂ ಹೊಟ್ಟೆ ಚಿಪ್ಪು ಮೇಲಕ್ಕೆತ್ತಿ ಮುಚ್ಕೊಳ್ತಾವೆ, ಆದ್ರೆ ಒಂದು ಎಮಿಡಿಡೇ, ಇನ್ನೊಂದು ಜಿಯೋಎಮಿಡಿಡೇ. ಆ ಕೀಲು ಎರಡೂ ಕಡೆ ಬೇರೆ ಬೇರೆಯಾಗಿ ಬಂದಿದ್ದು.

ಇನ್ನು ಎಲ್ಲಿ ಯಾವುದು. ಎಮಿಡಿಡೇಯಲ್ಲಿ ಸುಮಾರು 50 ಪ್ರಭೇದ, ಹೆಚ್ಚಿನವು ಉತ್ತರ ಅಮೆರಿಕದಲ್ಲಿ, ಅದರಲ್ಲೂ ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ. ಮೆಕ್ಸಿಕೋ ಕೊಲ್ಲಿಗೆ ಸೇರೋ ಎಷ್ಟೋ ನದಿಗಳಲ್ಲಿ ಆಯಾ ನದಿಗೇ ಸೀಮಿತವಾದ ಮ್ಯಾಪ್ ಆಮೆ ಇದೆ, ಪರ್ಲ್ ನದಿಯದು ಬೇರೆ, ಪಕ್ಕದ ಪಾಸ್ಕಗೂಲಾದು ಬೇರೆ, ಅಷ್ಟು ಸಣ್ಣ ವ್ಯಾಪ್ತಿ. ಸ್ಲೈಡರ್ ಆಮೆಗಳು ಮಾತ್ರ ಕೆರಿಬಿಯನ್ ದ್ವೀಪಗಳನ್ನ ದಾಟಿ ದಕ್ಷಿಣ ಅಮೆರಿಕದ ಅರ್ಜೆಂಟೀನಾವರೆಗೂ ಇವೆ. ಈ ಕುಟುಂಬದಿಂದ ಅಟ್ಲಾಂಟಿಕ್ ಆಚೆ ಇರೋದು ಎಮಿಸ್ ಕುಲ, ಅಂದ್ರೆ ಯೂರೋಪಿನ ಕೊಳದ ಆಮೆ, ವಾಯವ್ಯ ಆಫ್ರಿಕಾದಿಂದ ಹಿಡಿದು ಕ್ಯಾಸ್ಪಿಯನ್ ಕಡೆಗೆ ಹರಡಿದೆ, ಸಿಸಿಲಿ ದ್ವೀಪದ್ದನ್ನ ಈಗ ಬೇರೆ ಪ್ರಭೇದ ಅಂತ ಎಣಿಸ್ತಾರೆ.

ಜಿಯೋಎಮಿಡಿಡೇ ಇನ್ನೂ ದೊಡ್ಡದು, ಸುಮಾರು 70 ಪ್ರಭೇದ, ಆಮೆಗಳಲ್ಲೇ ಅತಿ ದೊಡ್ಡ ಕುಟುಂಬ. ದಕ್ಷಿಣ ಏಷ್ಯಾ, ಆಗ್ನೇಯ ಏಷ್ಯಾ, ಚೀನಾ ಇದರ ಮುಖ್ಯ ನೆಲೆ. ಭಾರತ ಶ್ರೀಲಂಕಾ ಕೆರೆಗಳ ಕಪ್ಪು ಆಮೆ, ಸಿಂಧೂ ಗಂಗಾ ಬ್ರಹ್ಮಪುತ್ರದ ಚುಕ್ಕೆ ಕೊಳದ ಆಮೆ ಎಲ್ಲಾ ಇದರಲ್ಲೇ ಬರುತ್ತೆ. ಹಾಗಂತ ಎಲ್ಲಾ ನೀರಲ್ಲೇ ಇರುತ್ತೆ ಅನ್ಕೋಬೇಡಿ. ಪಶ್ಚಿಮ ಘಟ್ಟದ ಕಾಡಿನ ನೆಲದಲ್ಲಿ ಎಲೆಗಳ ನಡುವೆ ಬದುಕೋ ಪುಟ್ಟ ಬೆತ್ತದ ಆಮೆನೂ ಇದೇ ಕುಟುಂಬ. 1912ರಲ್ಲಿ ವರ್ಣಿಸಿದ ಮೇಲೆ ದಶಕಗಳ ಕಾಲ ಯಾರ ಕಣ್ಣಿಗೂ ಬೀಳದಿದ್ದ ಅದನ್ನ 1982ರಲ್ಲಿ ಮತ್ತೆ ಹುಡುಕಿದ್ದು ಭಾರತದ ಸರೀಸೃಪ ತಜ್ಞೆ ಜೆ. ವಿಜಯಾ, 2006ರಲ್ಲಿ ಆ ಕುಲಕ್ಕೆ ವಿಜಯಚೆಲಿಸ್ ಅಂತಲೇ ಹೆಸರಿಟ್ರು, ಇಷ್ಟು ಅರ್ಹವಾದ ಹೆಸರು ಇನ್ನೊಂದಿಲ್ಲ.

ನನಗೆ ಅತಿ ಕುತೂಹಲ ಅನ್ಸೋದು ಈ ಕುಟುಂಬದ ನಕ್ಷೆಯಲ್ಲಿರೋ ಖಾಲಿ ಜಾಗಗಳು. ಮೌರೆಮಿಸ್ ಸ್ಪೇನ್, ಮೊರಾಕೊದಿಂದ ಇರಾನ್ ಕಡೆವರೆಗೆ ಇದೆ, ಆಮೇಲೆ ಮಧ್ಯೆ ಆ ಕುಲದ್ದು ಏನೂ ಇಲ್ಲ, ಮತ್ತೆ ಚೀನಾ, ಜಪಾನ್ ಕಡೆ ಸಿಗುತ್ತೆ. ಇನ್ನು ರೈನೋಕ್ಲೆಮಿಸ್ ಅನ್ನೋ ಕುಲ ಇರೋದು ಮೆಕ್ಸಿಕೋದಿಂದ ದಕ್ಷಿಣ ಅಮೆರಿಕದ ಉತ್ತರ ಭಾಗದವರೆಗೆ, ಹೊಸ ಜಗತ್ತಲ್ಲಿ, ಅಂದ್ರೆ ಅಮೆರಿಕ ಖಂಡಗಳಲ್ಲಿ, ಈ ಕುಟುಂಬದ್ದು ಅದೊಂದೇ. ಭೂಮಿ ಈಗಿಗಿಂತ ಬೆಚ್ಚಗಿದ್ದ ಕಾಲದಲ್ಲಿ ಬೇರಿಂಗ್ ಭೂಸೇತುವೆ ಮೂಲಕ ಏಷ್ಯಾದಿಂದ ಬಂತು ಅನ್ನೋದು ಒಪ್ಪಿತ ವಿವರಣೆ. ಸಹಾರಾದ ದಕ್ಷಿಣದ ಆಫ್ರಿಕಾದಲ್ಲಿ, ಆಸ್ಟ್ರೇಲಿಯಾದಲ್ಲಿ ಈ ಎರಡೂ ಕುಟುಂಬದ ಮೂಲ ನಿವಾಸಿಗಳು ಇಲ್ಲವೇ ಇಲ್ಲ, ಅಲ್ಲಿನ ಕೊಳಗಳಲ್ಲಿ ಹೆಚ್ಚಾಗಿ ಇರೋದು ಕತ್ತನ್ನ ಪಕ್ಕಕ್ಕೆ ಮಡಚೋ ಆಮೆಗಳು, ಅವು ತೀರಾ ಬೇರೆ ಶಾಖೆ.

ಒಂದು ಎಚ್ಚರಿಕೆ ಹೇಳ್ಲೇಬೇಕು. ಕಣ್ಣಿನ ಹಿಂದೆ ಕೆಂಪು ಪಟ್ಟಿ ಇರೋ ಸ್ಲೈಡರ್‌ನ ಮೂಲ ನೆಲೆ ಮಿಸಿಸಿಪ್ಪಿ ಕಣಿವೆ, ಆದ್ರೆ ಸಾಕೋಕೆ ಅಂತ ತಂದು ಸಾಕಾಗಿ ಕೆರೆಗೆ ಬಿಟ್ಟೂ ಬಿಟ್ಟೂ ಈಗ ಅಂಟಾರ್ಟಿಕಾ ಬಿಟ್ಟು ಎಲ್ಲಾ ಖಂಡದಲ್ಲೂ ಇದೆ, ಸ್ಥಳೀಯ ಆಮೆಗಳ ಜಾಗ, ಊಟ ಕಿತ್ಕೊಳ್ತಿದೆ. ಯೂರೋಪಿಯನ್ ಒಕ್ಕೂಟ 1997ರಲ್ಲೇ ಇದರ ಆಮದು ನಿಲ್ಲಿಸ್ತು. ದಯವಿಟ್ಟು ಯಾವ ಸಾಕಿದ ಆಮೆನೂ ಕೆರೆಗೆ ಬಿಡ್ಬೇಡಿ. ಮಾರಾಟದ ಆಮೆ ನೋಡಿ ಪ್ರಭೇದ ತೀರ್ಮಾನ ಮಾಡೋದೂ ಅಪಾಯ, ಚೀನಾದ ವ್ಯಾಪಾರಿಗಳಿಂದ ಸಿಕ್ಕ ಮಾದರಿ ನೋಡಿ ಹೊಸ ಪ್ರಭೇದ ಅಂತ ಹೆಸರಿಟ್ಟಿದ್ದ ಮೌರೆಮಿಸ್ ಐವರ್ಸೊನಿ, ಕ್ಯೂಒರಾ ಸೆರ್ರಾಟಾ ಥರದವು ಆಮೇಲೆ ಡಿಎನ್‌ಎ ಪರೀಕ್ಷೆಯಲ್ಲಿ ಮಿಶ್ರತಳಿ ಅಂತ ಗೊತ್ತಾಯ್ತು. ಹಾಗಾಗಿ ನಿಮ್ಮ ಹತ್ರ ಯಾವುದಾದ್ರೂ ಆಮೆಯ ಫೋಟೋ ಇದ್ರೆ ಬೆನ್ನು, ಹೊಟ್ಟೆ, ತಲೆಯ ಪಕ್ಕ ಮೂರೂ ಕಾಣೋ ಹಾಗೆ ಹಾಕಿ, ಜೊತೆಗೆ ಯಾವ ನದಿ ಅಥವಾ ಕೆರೆಯಲ್ಲಿ ನೋಡಿದ್ದು ಅಂತ ತಪ್ಪದೇ ಬರೀರಿ.