ಕೆ.ಜಿ. ರೋಡಿನ ಸಂಜೆ ವ್ಯಾಪಾರ

ಪ್ರಶ್ನೆ: ಮೆಜೆಸ್ಟಿಕ್ ಅಂದರೆ ನನ್ನ ಮಗಳಿಗೆ ಮೆಟ್ರೋ ಬದಲಾಯಿಸುವ ಜಾಗ, ಅಷ್ಟೇ. ನಮ್ಮಮ್ಮ ಮಾತ್ರ ಹಬ್ಬದ ಬಟ್ಟೆಯೆಲ್ಲ ಕೆ.ಜಿ. ರೋಡಿನಲ್ಲೇ ತೆಗೆಯುತ್ತಿದ್ದೆವು ಅಂತಾರೆ. ಅಂಥ ಪೇಟೆ ಯಾಕೆ ಮಂಕಾಯಿತು? ಮಗಳಿಗೆ ತೋರಿಸೋಕೆ ಏನಾದರೂ ಉಳಿದಿದೆಯಾ?
– ಓದುಗರು, ರಾಜಾಜಿನಗರ

ಉತ್ತರ: ನಿಮ್ಮ ತಾಯಿ ಹೇಳಿದ್ದು ನಿಜ. ಎಂಬತ್ತರ ದಶಕದಲ್ಲಿ ನಾನು ಅದೇ ರಸ್ತೆಯ ಜವಳಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ.

ಆ ವ್ಯಾಪಾರ ನಡೆಯುತ್ತಿದ್ದುದೇ ಟಾಕೀಸುಗಳಿಂದ. ಏರಿಯಾಗೆ ಹೆಸರು ಬಂದಿದ್ದೂ ಮೆಜೆಸ್ಟಿಕ್ ಟಾಕೀಸಿನಿಂದ, ಅಲ್ವಾ? ಸಾಗರ್, ತ್ರಿವೇಣಿ, ಮೇನಕಾ, ಅನುಪಮ. ಸಂತೋಷ್, ನರ್ತಕಿ, ಸಪ್ನ ಅಂತೂ ಒಂದೇ ಕಟ್ಟಡದಲ್ಲಿ. ಟಿಕೆಟ್ ಸಿಕ್ಕವರು ಆಟ ಶುರುವಾಗೋವರೆಗೆ ಹೊತ್ತು ಕಳೆಯಬೇಕು, ಸಿಗದವರಿಗೆ ಸಂಜೆಯೆಲ್ಲ ಬಿಡುವು. ಇಬ್ಬರೂ ಬರುತ್ತಿದ್ದುದು ಅಂಗಡಿಗೇ.

ಶರ್ಟ್ ಪೀಸ್ ಅಳೆದು, ಅಂಚಿಗೆ ಚೂರು ಕತ್ತರಿ ತಾಗಿಸಿ ಪರ್ರನೆ ಹರಿಯುತ್ತಿದ್ದೆವು. ಪೊಟ್ಟಣ ಕಟ್ಟಿ ಕೊಟ್ಟರೆ, ‘ಅಣ್ಣಾ, ಇಲ್ಲೇ ಇಟ್ಟಿರಿ, ಸಿನಿಮಾ ಮುಗಿಸ್ಕೊಂಡು ಬರ್ತೀವಿ’ ಅನ್ನುತ್ತಿದ್ದರು. ಅದಕ್ಕೆಂದೇ ಗಲ್ಲಾದ ಹಿಂದೆ ಒಂದು ಕಪಾಟು ಇತ್ತು. ಪೊಟ್ಟಣದ ಮೇಲೆ ಗಿರಾಕಿಯ ಹೆಸರಿನ ಜೊತೆ ಟಾಕೀಸಿನ ಹೆಸರನ್ನೂ ಪೆನ್ಸಿಲಿನಲ್ಲಿ ಬರೆಯುತ್ತಿದ್ದೆವು. ನರ್ತಕಿ ಬಿಡುವ ಹೊತ್ತಾದರೆ ನರ್ತಕಿಯ ಪೊಟ್ಟಣಗಳನ್ನೆಲ್ಲ ಮುಂದಕ್ಕೆ ಎಳೆದಿಡುವುದು ನನ್ನ ಕೆಲಸ.

ಮಾಲ್ ಬಂದು ಪೇಟೆ ಹಾಳಾಯಿತು ಅಂತ ಎಲ್ಲರೂ ಹೇಳ್ತಾರೆ. ನನ್ನ ಪ್ರಕಾರ ಮಾಲ್‌ಗಳು ಮೊದಲು ಕಿತ್ತುಕೊಂಡಿದ್ದು ಸಿನಿಮಾವನ್ನು. 2004ರಲ್ಲಿ ಕೋರಮಂಗಲದಲ್ಲಿ ಫೋರಂ ಶುರುವಾಯಿತು. ಸಿನಿಮಾ, ಬಟ್ಟೆ, ತಿಂಡಿ ಒಂದೇ ಕಡೆ ಸಿಗುವಾಗ ಬಡಾವಣೆಯವರು ಇಲ್ಲಿವರೆಗೆ ಯಾಕೆ ಬರ್ತಾರೆ? ಸಾಗರ್ ಹೋಯಿತು. 1968ರಲ್ಲಿ ಶುರುವಾದ ಕಪಾಲಿಯನ್ನೂ ಕೆಡವಿದರು. ಒಂದೊಂದು ಟಾಕೀಸು ಮುಚ್ಚಿದಾಗಲೂ ಸುತ್ತಲಿನ ಅಂಗಡಿಗಳ ಸಂಜೆ ವ್ಯಾಪಾರ ಬಿದ್ದುಹೋಯಿತು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಪಕ್ಕದ ಚಿಕ್ಕಪೇಟೆ ನೋಡಿ. ಮದುವೆ ಸೀರೆಗೆ ಬರುವವರಿಗೆ ಸಿನಿಮಾದ ನೆಪ ಬೇಕಿಲ್ಲ. ಹಾಗಾಗಿ ಅಲ್ಲಿ ಇವತ್ತಿಗೂ ಕಾಲಿಡೋಕೆ ಜಾಗ ಇರಲ್ಲ.

ಮಗಳನ್ನು ಮೈಸೂರು ಬ್ಯಾಂಕ್ ಸರ್ಕಲ್‌ನಿಂದ ಅವೆನ್ಯೂ ರೋಡಿಗೆ ನಡೆಸಿಕೊಂಡು ಹೋಗಿ. ಜೊತೆಗೆ ನಿಮ್ಮ ತಾಯಿಯೂ ಇರಲಿ. ಅವೆನ್ಯೂ ರೋಡಿನ ಹಳೆ ಹೆಸರು ದೊಡ್ಡಪೇಟೆ. ಅದು ಚಿಕ್ಕಪೇಟೆಗೆ ಕೂಡುವ ಚೌಕದಿಂದಲೇ 1537ರಲ್ಲಿ ಕೆಂಪೇಗೌಡರು ನಾಲ್ಕು ದಿಕ್ಕಿಗೂ ಎತ್ತು ಕಟ್ಟಿ ನೇಗಿಲು ಹೊಡೆಸಿದರು ಅಂತ ಪ್ರತೀತಿ. ಅಲ್ಲಿಂದ ಬಳೇಪೇಟೆಯ ಮೇಲೆ ಮೆಜೆಸ್ಟಿಕ್‌ಗೆ ಬನ್ನಿ. ಭಾನುವಾರ ಮಾತ್ರ ಬೇಡ, ಹಳೇ ಅಂಗಡಿಗಳಲ್ಲಿ ಹಲವು ಬಾಗಿಲು ಹಾಕಿರುತ್ತವೆ.