ನೆರಳು ಆರ್ಥಿಕತೆಯ ಗಾತ್ರ: ಅಂಕಿಗಿಂತ ಮೊದಲು ಕೇಳಬೇಕಾದದ್ದು

ಅಭಿವೃದ್ಧಿಶೀಲ ದೇಶವೊಂದರ ನೆರಳು ಆರ್ಥಿಕತೆಯನ್ನು, ಅಂದರೆ ಸರಕಾರದ ಕಣ್ಣಿಗೆ ಬೀಳದ ವ್ಯವಹಾರಗಳನ್ನು, ಹೇಗೆ ಅಳೆಯುತ್ತಾರೆ, ಆ ಅಂಕಿಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂದು ಕೇಳಿದ್ದೀರಿ. ಅಳೆಯಹೊರಟಿರುವುದು ತೆರಿಗೆಗೆ ಸಿಗದ ಆದಾಯವನ್ನೋ, ಜಿಡಿಪಿಯ ಲೆಕ್ಕಕ್ಕೇ ಬಾರದ ಉತ್ಪಾದನೆಯನ್ನೋ ಎಂಬುದು ಮೊದಲು ಇತ್ಯರ್ಥವಾಗಬೇಕು.

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಕೃಷಿಕರೊಬ್ಬರು ಸುಲಿದ ಚಾಲಿ ಅಡಿಕೆಯನ್ನು ಅಂಗಡಿಗೆ ಒಯ್ದರೆಂದೂ, ವ್ಯಾಪಾರಿ ಅದನ್ನು ತೂಗಿ, ತುಂಡು ಚೀಟಿಯಲ್ಲಿ ಕಿಲೋ ಮತ್ತು ಧಾರಣೆ ಬರೆದು, ನಗದು ಎಣಿಸಿಕೊಟ್ಟು, ಮುಂದೆ ಬಿಲ್ಲಿಲ್ಲದೆಯೇ ಸಾಗಿಸಿದನೆಂದೂ ಇಟ್ಟುಕೊಳ್ಳೋಣ. ಆ ಅಡಿಕೆ ಜಿಡಿಪಿಯಿಂದ ತಪ್ಪಿಹೋಗುವುದಿಲ್ಲ. ಏಕೆಂದರೆ ಬೆಳೆಯ ಮೌಲ್ಯವನ್ನು ಕಟ್ಟುವುದು ಬಿಲ್ಲುಗಳನ್ನು ಕೂಡಿಸಿ ಅಲ್ಲ, ವಿಸ್ತೀರ್ಣ, ಇಳುವರಿ ಮತ್ತು ಬೆಲೆಗಳಿಂದ. ಕೈತಪ್ಪುವುದು ವ್ಯಾಪಾರಿ ಕಟ್ಟಬೇಕಿದ್ದ ಶೇ. 5ರ ಜಿಎಸ್‌ಟಿ ಮತ್ತು ಅವನ ಲಾಭದ ಮೇಲಿನ ತೆರಿಗೆ. ಮನೆಯಲ್ಲಿ ಕುಳಿತು ಬೀಡಿ ಕಟ್ಟುವವರ ದುಡಿಮೆಯೂ ಕಾರ್ಮಿಕ ಸಮೀಕ್ಷೆಗಳ ಮೂಲಕ ಅಂದಾಜಿಗಾದರೂ ಸೇರುತ್ತದೆ. ಆದ್ದರಿಂದ 'ನೆರಳು ಇಷ್ಟು ಶೇಕಡಾ' ಎಂದಾಗ ಅಷ್ಟನ್ನೂ ಜಿಡಿಪಿಯ ಮೇಲೆ ಕೂಡಿಸುವುದು ತಪ್ಪು. ಪತ್ರಿಕೆಗಳು ಇದನ್ನು ಸಲೀಸಾಗಿ ಮಾಡುತ್ತವೆ.

ಅಳೆಯುವ ವಿಧಾನಗಳಲ್ಲಿ ನಗದು ಆಧಾರಿತವಾದದ್ದು ಹಳೆಯದು; ನಗದಿನ ಬಳಕೆ ಹೆಚ್ಚಿದಷ್ಟೂ ನೆರಳು ದೊಡ್ಡದು ಎಂಬುದು ಅದರ ತರ್ಕ. ಅರ್ಥಶಾಸ್ತ್ರಜ್ಞ ಪೀಟರ್ ಗುಟ್ಮನ್ 1977ರಲ್ಲಿ ಅಮೆರಿಕದ ನಗದು ಮತ್ತು ಬ್ಯಾಂಕ್ ಠೇವಣಿಗಳ ಅನುಪಾತವನ್ನು ಹಿಡಿದು, 1937–41ರಲ್ಲಿ ನೆರಳು ಇರಲೇ ಇಲ್ಲವೆಂದು ಭಾವಿಸಿ ಲೆಕ್ಕ ಹಾಕಿದರು. ವೀಟೊ ತಾಂಜಿ ಬಳಿಕ ಅದಕ್ಕೆ ತೆರಿಗೆಯ ಹೊರೆಯನ್ನು ಸೇರಿಸಿದರು. ಪ್ರಾಮಾಣಿಕನೂ ನಗದಿನಲ್ಲೇ ವ್ಯವಹರಿಸುವ ಊರುಗಳಲ್ಲಿ ಈ ತರ್ಕ ನಿಲ್ಲುವುದು ಕಷ್ಟ. ಇನ್ನು ಲೆಕ್ಕವಿಲ್ಲದ ಸಂಪತ್ತೆಲ್ಲ ನೋಟಿನ ಕಟ್ಟುಗಳಾಗಿಯೇ ಇರುತ್ತದೆ ಎಂಬ ಜನಪ್ರಿಯ ನಂಬಿಕೆಗೆ 2016ರ ನೋಟು ರದ್ದತಿಯೇ ಉತ್ತರ ಕೊಟ್ಟಿತು: ರದ್ದಾದ 15.41 ಲಕ್ಷ ಕೋಟಿ ರೂಪಾಯಿಗಳಲ್ಲಿ 15.31 ಲಕ್ಷ ಕೋಟಿ ಬ್ಯಾಂಕಿಗೆ ಮರಳಿತು.

ಈಗ ಹೆಚ್ಚು ಉಲ್ಲೇಖವಾಗುವುದು 'ಮಿಮಿಕ್' ಮಾದರಿ. ಅರ್ಥಶಾಸ್ತ್ರಜ್ಞರಾದ ಮೆಡಿನಾ ಮತ್ತು ಶ್ನೈಡರ್ 2018ರಲ್ಲಿ 158 ದೇಶಗಳಿಗೆ ಅದನ್ನು ಅನ್ವಯಿಸಿ, 1991–2015ರಲ್ಲಿ ನೆರಳಿನ ಗಾತ್ರ ಸರಾಸರಿ ಜಿಡಿಪಿಯ ಶೇ. 31.9 ಎಂದರು. ತೆರಿಗೆ, ನಿರುದ್ಯೋಗದಂಥ ಕಾರಣಗಳನ್ನೂ ನಗದಿನಂಥ ಕುರುಹುಗಳನ್ನೂ ಜೋಡಿಸುವ ಈ ಮಾದರಿ ಕೊಡುವುದು ಏರಿಳಿತದ ಸೂಚ್ಯಂಕವನ್ನು ಮಾತ್ರ; ಅದು ಶೇಕಡಾವಾರು ಆಗಬೇಕಾದರೆ ಬೇರೊಂದು ಅಂದಾಜಿನಿಂದ ಮೂಲಾಂಕವನ್ನು ಎರವಲು ತರಬೇಕು. ಹಾಗಾಗಿ ಒಂದೇ ದೇಶದ ಏರಿಳಿತ ನೋಡಲು ಅದನ್ನು ಬಳಸುತ್ತೇನೆ, ದೇಶಗಳಿಗೆ ಸ್ಥಾನಾಂಕ ಕೊಡಲು ಬಳಸುವುದಿಲ್ಲ.

ಭಾರತದ ಮಟ್ಟಿಗೆ, ಹಳೆಯದಾದರೂ, ರಾಷ್ಟ್ರೀಯ ಸಾರ್ವಜನಿಕ ಹಣಕಾಸು ಮತ್ತು ನೀತಿ ಸಂಸ್ಥೆಯ 1985ರ ವರದಿಯನ್ನು ಓದಿ. 1983–84ರ ಲೆಕ್ಕವಿಲ್ಲದ ಆದಾಯಕ್ಕೆ ಅದು ಜಿಡಿಪಿಯ ಶೇ. 19ರಿಂದ 21 ಎಂಬ ವ್ಯಾಪ್ತಿಯನ್ನು ಕೊಟ್ಟಿತು. ಲಂಚ, ಕಳ್ಳಸಾಗಣೆಗಳ ಆದಾಯವನ್ನು ಸೇರಿಸಿಲ್ಲವೆಂದೂ ತಿಳಿಸಿತು.