ದೆವ್ವದ ಸಿನಿಮಾ ನೋಡಿ ನಗು ಬರುವುದೇಕೆ? ನಿಮ್ಮ ಮೆಚ್ಚಿನ ನಟ ಯಾರು?

ಹೆದರಿದವನನ್ನು ನೋಡಿ ನಗುವುದು ತೀರ ಸುಲಭ, ಅದಕ್ಕೇ. ತೀರ್ಥಹಳ್ಳಿ ಕಡೆಯ ನಮಗಂತೂ ಇದು ಬೇಗ ತಟ್ಟುತ್ತದೆ: ಜಡಿಮಳೆ, ಕರೆಂಟಿಲ್ಲದ ತೊಟ್ಟಿಮನೆ, ಅಟ್ಟದಲ್ಲಿ ಅಡಿಕೆ ಮೂಟೆಗಳ ನಡುವೆ ಏನೋ ಓಡಾಡಿದ ಸದ್ದು, ಏಣಿ ಹತ್ತಿ ಟಾರ್ಚ್ ಬಿಟ್ಟರೆ ಬೆಕ್ಕು.

2004ರ ‘ಆಪ್ತಮಿತ್ರ’ದ ಲೆಕ್ಕಾಚಾರವೂ ಇದೇ. ದ್ವಾರಕೀಶ್ ಬೆದರಿ ಬೆವರುತ್ತಾರೆ, ನಾವು ನಗುತ್ತೇವೆ. ಮೈಮರೆತಾಗಲೇ ನಾಗವಲ್ಲಿ ಬರುತ್ತಾಳೆ. ನನ್ನ ಮೆಚ್ಚಿನ ವಿಷ್ಣುವರ್ಧನ್ ಅದರಲ್ಲಿ ಮನೋವೈದ್ಯ. 1972ರ ‘ನಾಗರಹಾವು’ ಚಿತ್ರದ ಮುಂಗೋಪಿ ರಾಮಾಚಾರಿ, ಮೂರು ದಶಕಗಳ ಬಳಿಕ ತುಟಿಯಂಚಿನ ನಗುವಿನಲ್ಲೇ ದೃಶ್ಯವನ್ನು ಹಿಡಿದಿಡುವಷ್ಟು ಪಳಗಿದ್ದರು. ‘ಆಪ್ತಮಿತ್ರ’ಕ್ಕಿಂತ ಅದರ ಮಲಯಾಳಂ ಮೂಲವೇ ಮೇಲು ಎನ್ನುವವರಿದ್ದಾರೆ, ಇರಲಿ. ವಿಷ್ಣುವರ್ಧನ್ ತೀರಿಕೊಂಡ ಮೇಲೆ 2010ರಲ್ಲಿ ತೆರೆಕಂಡ ‘ಆಪ್ತರಕ್ಷಕ’ದಲ್ಲಿ ವೈದ್ಯನೂ ಅವರೇ, ರಾಜನೂ ಅವರೇ, ಆದರೆ ನಗು ಮೊದಲನೆಯದರಲ್ಲೇ ಹೆಚ್ಚು.